ಒಂದೇ ರಿಗ್‌ನಿಂದ ಇಡೀ ಜಾತ್ರೆ: ಅನಿಮೇಷನ್ ಪಾತ್ರಗಳನ್ನು ಮರುಬಳಸುವ, ಹಗುರಗೊಳಿಸುವ ಕ್ರಮ

ಅನಿಮೇಷನ್ ಕಲಿಯತೊಡಗಿದವರಿಗೆ ನಿಜವಾದ ತೊಡಕು ಎರಡನೆಯ ಕಿರುಚಿತ್ರಕ್ಕೆ ಕೈಹಾಕಿದಾಗ ಎದುರಾಗುತ್ತದೆ. ಮೊದಲ ಚಿತ್ರಕ್ಕಾಗಿ ವಾರಗಟ್ಟಲೆ ಕುಳಿತು ಕಟ್ಟಿದ ಕುರಿಗಾಹಿಯ ಪಾತ್ರವನ್ನು ಹೊಸ ಕಥೆಗೆ ತಂದೊಡನೆ ಅದರ ಮೊಣಕೈ ಕಳಚಿ ನಿಲ್ಲುತ್ತದೆ. ರುಮಾಲಿನ ಬಣ್ಣ ಬದಲಿಸಿದರೆ ಹಳೆಯ ದೃಶ್ಯದಲ್ಲಿಯೂ ಅದು ಬದಲಾಗಿಬಿಡುತ್ತದೆ. ಅದೇ ಪಾತ್ರದ ಹತ್ತಾರು ಪ್ರತಿಗಳನ್ನು ಒಟ್ಟಿಗೆ ನಿಲ್ಲಿಸಿದರೆ ಕಂಪ್ಯೂಟರು ಒಂದೊಂದು ಫ್ರೇಮಿಗೂ ತಡವರಿಸುತ್ತದೆ. ಕೊನೆಗೆ ಎಲ್ಲವನ್ನೂ ಹೊಸದಾಗಿ ಬರೆದು ಕಟ್ಟುವುದೇ ಲೇಸೆನಿಸಿ, ಹಿಂದೆ ಪಟ್ಟ ಶ್ರಮ ನೀರುಪಾಲಾಗುತ್ತದೆ. ಪಾತ್ರವನ್ನು ಕಟ್ಟುವ ಹಂತದಲ್ಲಿಯೇ ಯಾವುದು ಬದಲಾಗಬೇಕು, ಯಾವುದು ಬದಲಾಗಬಾರದು ಎಂಬುದನ್ನು ಬೇರ್ಪಡಿಸಿಕೊಂಡರೆ ಈ ನಷ್ಟ ಬಹುಮಟ್ಟಿಗೆ ತಪ್ಪುತ್ತದೆ.

ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲ್ಲೂಕಿನ ಹುಲಜಂತಿಯಂತಹ ಗಡಿಯ ಊರುಗಳಲ್ಲಿ ಮರುಬಳಕೆಯ ಅಗತ್ಯ ಇನ್ನೂ ಹೆಚ್ಚು. ಮನೆಯ ಮಾತು ಕನ್ನಡ, ಸರ್ಕಾರಿ ವ್ಯವಹಾರ ಮರಾಠಿ. ಅದೇ ಜಿಲ್ಲೆಯ ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ನಡೆಯುತ್ತಿದ್ದು, ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿಯಾದ ಬಾಲಭಾರತಿ ಅವುಗಳಿಗಾಗಿ ಕನ್ನಡದಲ್ಲಿಯೂ ಪುಸ್ತಕಗಳನ್ನು ಅಚ್ಚು ಹಾಕಿಸುತ್ತದೆ. ಇಂತಹ ಪ್ರದೇಶದಲ್ಲಿ ಪಾಠಕ್ಕೋ ಜಾತ್ರೆಯ ಪರಿಚಯಕ್ಕೋ ಒಂದು ಚಲಿಸುವ ಚಿತ್ರ ಮಾಡಿದರೆ ಅದು ಎರಡು ಭಾಷೆಗಳಲ್ಲಿ ಬೇಕಾಗುತ್ತದೆ. ಹುಲಜಂತಿಯ ಮಹಾಲಿಂಗರಾಯನ ಜಾತ್ರೆಯನ್ನೇ ತೆಗೆದುಕೊಂಡರೆ, ದೀಪಾವಳಿಯ ವೇಳೆಗೆ ನಡೆಯುವ ಪಲ್ಲಕ್ಕಿಗಳ ಭೇಟಿ, ಡೊಳ್ಳಿನ ಮೇಳ, ಗಾಳಿಯ ತುಂಬ ಹಾರುವ ಭಂಡಾರ ಎಂಬ ಹಳದಿ ಪುಡಿ, ಕರ್ನಾಟಕ, ಮಹಾರಾಷ್ಟ್ರ ಎರಡೂ ರಾಜ್ಯಗಳಿಂದ ಬಂದು ಸೇರುವ ಭಕ್ತರು ಇವೆಲ್ಲವನ್ನೂ ಒಬ್ಬ ಕಲಾವಿದ ಒಂದು ಸಾಧಾರಣ ಕಂಪ್ಯೂಟರಿನಲ್ಲಿ ಚಿತ್ರಿಸಬೇಕಾದರೆ ಪ್ರತಿಯೊಬ್ಬರನ್ನೂ ಬೇರೆಬೇರೆಯಾಗಿ ಕಟ್ಟುವುದು ಆಗದ ಮಾತು. ಮುಂದಿನ ಉದಾಹರಣೆಗಳೆಲ್ಲ ಈ ಜಾತ್ರೆಯಿಂದಲೇ ಆಯ್ದವು.

ರಿಗ್ ಎಂದರೇನು

ಬಿಡಿಬಿಡಿಯಾಗಿ ಬರೆದ ತಲೆ, ಮುಂಡ, ತೋಳು, ಕಾಲುಗಳನ್ನು ಕೀಲುಗಳಲ್ಲಿ ಕೂಡಿಸಿ, ಕೆಲವೇ ಹಿಡಿಕೆಗಳಿಂದ ಇಡೀ ದೇಹವನ್ನು ಆಡಿಸುವಂತೆ ಮಾಡಿದ ವ್ಯವಸ್ಥೆಗೆ ರಿಗ್ ಎಂದು ಹೆಸರು. ಕನ್ನಡ ನಾಡಿಗೆ ಈ ಕಲ್ಪನೆ ಹೊಸದಲ್ಲ. ಮನೆಯಲ್ಲಿ ಮರಾಠಿಯ ಒಂದು ರೂಪವನ್ನಾಡುತ್ತ, ಪರದೆಯ ಹಿಂದೆ ಕನ್ನಡದಲ್ಲಿ ರಾಮಾಯಣ, ಮಹಾಭಾರತಗಳನ್ನು ಹಾಡುತ್ತ ಬಂದ ಕಿಳ್ಳೇಕ್ಯಾತ ಸಮುದಾಯದ ತೊಗಲು ಗೊಂಬೆಗಳಲ್ಲಿ ಕೈಕಾಲುಗಳನ್ನು ಪ್ರತ್ಯೇಕವಾಗಿ ಕತ್ತರಿಸಿ ದಾರದಿಂದ ಕೀಲು ಹಾಕಿದ ಗೊಂಬೆಗಳಿವೆ. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ದೊರೆತದ್ದು ಈ ಕಲೆಗಾಗಿಯೇ. ಜರ್ಮನಿಯ ಲೊಟ್ಟೆ ರೈನಿಗರ್ 1926ರಲ್ಲಿ ತೆರೆಗೆ ತಂದ ರಾಜಕುಮಾರ ಅಹ್ಮದನ ಚಿತ್ರವೂ ಕೀಲು ಹಾಕಿದ ರಟ್ಟಿನ ಗೊಂಬೆಗಳಿಂದಲೇ ಆದದ್ದು. ಗೊಂಬೆಯ ಕೀಲಿಗೆ ಇಂದಿನ ತಂತ್ರಾಂಶದಲ್ಲಿ ಆಂಕರ್ ಪಾಯಿಂಟ್ ಎಂದೂ, ಮುಂಗೈ ತೋಳನ್ನು ಹಿಂಬಾಲಿಸುವ ಸಂಬಂಧಕ್ಕೆ ಪೇರೆಂಟಿಂಗ್ ಎಂದೂ, ಆಡಿಸುವ ಕಡ್ಡಿಗೆ ಕಂಟ್ರೋಲರ್ ಎಂದೂ ಹೆಸರು.

ತಂತ್ರಾಂಶಗಳು ಹಲವಿದ್ದರೂ ಮೋಷನ್ ಗ್ರಾಫಿಕ್ಸಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಅಡೋಬಿಯ ಆಫ್ಟರ್ ಎಫೆಕ್ಟ್ಸನ್ನು ಆಧಾರವಾಗಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ. ಅದಕ್ಕೆ ಜೋಡಿಸಿಕೊಳ್ಳಬಹುದಾದ ಡ್ಯುಯಿಕ್ ಎಂಬ ಉಚಿತ ಸಲಕರಣೆ ಮೂಳೆ, ಕೀಲು, ಕಂಟ್ರೋಲರುಗಳನ್ನು ಬಹುಮಟ್ಟಿಗೆ ತಾನೇ ಸಿದ್ಧಪಡಿಸುತ್ತದೆ. ಚಂದಾ ಕಟ್ಟಲಾಗದವರಿಗೆ ಬ್ಲೆಂಡರ್ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಪಾತ್ರವನ್ನು ಒಂದೇ ಕಡತದಲ್ಲಿ ಇಟ್ಟು, ಪ್ರತಿ ದೃಶ್ಯದ ಕಡತದಿಂದ ಅದಕ್ಕೆ ಕೊಂಡಿ ಹಾಕಿ, ಲೈಬ್ರರಿ ಓವರ್‌ರೈಡ್ ಎಂಬ ಸೌಲಭ್ಯದ ಮೂಲಕ ಆ ದೃಶ್ಯಕ್ಕೆ ಬೇಕಾದ ಚಲನೆಯನ್ನಷ್ಟೇ ಸೇರಿಸಬಹುದು. ತತ್ತ್ವ ಎರಡರಲ್ಲಿಯೂ ಒಂದೇ.

ಮರುಬಳಕೆ ಕೆಡುವುದು ಎಲ್ಲಿ

ಆಫ್ಟರ್ ಎಫೆಕ್ಟ್ಸಿನಲ್ಲಿ ಒಂದು ಪಾತ್ರ ಒಂದು ಕಂಪೋಸಿಶನ್ನಿನೊಳಗೆ, ಅಂದರೆ ಹಲವು ಪದರಗಳನ್ನು ಒಂದು ಕಾಲರೇಖೆಯ ಮೇಲೆ ಜೋಡಿಸಿಟ್ಟ ಘಟಕದೊಳಗೆ ಇರುತ್ತದೆ. ಆ ಕಂಪೋಸಿಶನ್ನಿನೊಳಗೆ ಮುಖಕ್ಕೊಂದು, ಬಾಯಿಗೊಂದು, ಕೈಬೆರಳುಗಳಿಗೊಂದು ಹೀಗೆ ಚಿಕ್ಕ ಕಂಪೋಸಿಶನ್ನುಗಳೂ ಇರುತ್ತವೆ. ಇವುಗಳಿಗೆ ಪ್ರಿಕಾಂಪ್ ಎನ್ನುತ್ತಾರೆ. ಹೊರಗಿನ ಕಂಪೋಸಿಶನ್ನನ್ನು ನಕಲು ಮಾಡಿದಾಗ ಅದೊಂದೇ ನಕಲಾಗುತ್ತದೆಯೇ ಹೊರತು ಒಳಗಿನ ಪ್ರಿಕಾಂಪುಗಳು ನಕಲಾಗುವುದಿಲ್ಲ. ಮೂಲ ಮತ್ತು ಪ್ರತಿ ಎರಡೂ ಅದೇ ಒಳಘಟಕವನ್ನು ಹಂಚಿಕೊಳ್ಳುತ್ತವೆ. ಎರಡನೆಯ ಕುರಿಗಾಹಿಯ ರುಮಾಲನ್ನು ಹಳದಿ ಮಾಡಿದರೆ ಮೊದಲನೆಯವನದೂ ಹಳದಿಯಾಗುವುದಕ್ಕೆ ಇದೇ ಕಾರಣ. ಪದರಗಳಿಗೆ ಬರೆದ ಎಕ್ಸ್‌ಪ್ರೆಶನ್ನುಗಳದ್ದೂ, ಎಂದರೆ ಒಂದು ಪದರದ ಚಲನೆಯನ್ನು ಇನ್ನೊಂದಕ್ಕೆ ಕಟ್ಟುವ ಚಿಕ್ಕ ಸೂತ್ರಗಳದ್ದೂ, ಇದೇ ಸ್ವಭಾವ: ಒಂದೇ ಕಂಪೋಸಿಶನ್ನಿನೊಳಗೆ ತೋಳನ್ನು ನಕಲು ಮಾಡಿದರೆ ಹೊಸ ತೋಳಿನ ಸೂತ್ರ ಹಳೆಯ ಕಂಟ್ರೋಲರನ್ನೇ ನೋಡುತ್ತಿರುತ್ತದೆ.

ಈ ಹಂಚಿಕೆಯನ್ನು ದೋಷವೆಂದು ತಿಳಿಯಬೇಕಾಗಿಲ್ಲ. ಮೂಲದಲ್ಲಿ ಒಮ್ಮೆ ತಿದ್ದಿದರೆ ಎಲ್ಲ ದೃಶ್ಯಗಳಲ್ಲಿಯೂ ತಿದ್ದುಪಡಿ ಆಗಬೇಕೆಂಬ ಆಸೆ ಈಡೇರುವುದು ಇದರಿಂದಲೇ. ಆದಕಾರಣ ಹಂಚಿಕೆಯನ್ನು ಉಳಿಸಿಕೊಂಡು, ಬದಲಾಗಬೇಕಾದ ಅಂಶಗಳನ್ನು ಮಾತ್ರ ಹೊರಗಿನಿಂದ ತಿರುಗಿಸಲು ಬರುವಂತೆ ಮಾಡುವುದು ಸರಿಯಾದ ದಾರಿ.

ಕಟ್ಟುವ ಕ್ರಮ

1. ಮೊದಲು ಪಟ್ಟಿ ಮಾಡಬೇಕು. ಮೂಲ ರಿಗ್ ಒಬ್ಬ ಗಂಡಸಿನದಾದರೆ ತಲೆಯುಡುಗೆ (ರುಮಾಲು, ಗಾಂಧಿ ಟೋಪಿ, ಬರಿದಲೆ), ಮೀಸೆ, ಅಂಗಿಯ ಬಣ್ಣ, ಹೆಗಲ ಮೇಲೆ ಕಂಬಳಿ ಇದೆಯೋ ಇಲ್ಲವೋ, ಕೈಯಲ್ಲಿ ಕೋಲೋ ಡೊಳ್ಳೋ ಇವು ಬದಲಾಗುವ ಅಂಶಗಳು. ಕೀಲುಗಳ ಸ್ಥಾನ, ಮೂಳೆಗಳ ಸಂಬಂಧ, ಬಾಯಿಯ ಆಕಾರಗಳ ಸಂಖ್ಯೆ ಬದಲಾಗದವು. ಧೋತರ ಉಟ್ಟ ಗಂಡಸಿನ ರಿಗ್ಗಿಗೆ ಸೀರೆ ತೊಡಿಸಿ ಹೆಂಗಸಿನ ಪಾತ್ರ ಮಾಡುವ ಆಸೆಯನ್ನು ಬಿಡುವುದು ಒಳ್ಳೆಯದು. ಧೋತರದಲ್ಲಿ ಎರಡು ಕಾಲುಗಳೂ ಬೇರೆಬೇರೆಯಾಗಿ ಕಾಣುತ್ತವೆ, ನಡುವೆ ಒಂದು ನೆರಿಗೆಯ ಪದರ ಸಾಕು. ಇಳಕಲ್ ಸೀರೆಯ ಕೆಳಭಾಗ ಒಂದೇ ಬಟ್ಟೆಯಾಗಿ ಎರಡೂ ಮೊಣಕಾಲುಗಳ ಚಲನೆಗೆ ಓಗೊಡಬೇಕಾಗುತ್ತದೆ. ಇವು ಎರಡು ಬೇರೆ ರಿಗ್ಗುಗಳು.

2. ಬರೆಯುವಾಗಲೇ ಕೀಲಿನ ಜಾಗದಲ್ಲಿ ಎರಡೂ ತುಂಡುಗಳು ಒಂದರ ಮೇಲೊಂದು ಬರುವಂತೆ ಬರೆಯಬೇಕು. ಮೇಲ್ತೋಳಿನ ಕೆಳತುದಿಯನ್ನೂ ಮುಂಗೈಯ ಮೇಲ್ತುದಿಯನ್ನೂ ಒಂದೇ ಅಳತೆಯ ಅರ್ಧವೃತ್ತಗಳಾಗಿ ಮುಗಿಸಿ, ಎರಡರ ಕೇಂದ್ರವನ್ನೂ ಒಂದೇ ಬಿಂದುವಿನಲ್ಲಿ ಕೂಡಿಸಿ, ಮುಂಗೈಯ ಆಂಕರ್ ಪಾಯಿಂಟನ್ನು ಆ ಕೇಂದ್ರದಲ್ಲಿಯೇ ಇಟ್ಟರೆ ಮೊಣಕೈ ಎಷ್ಟು ಮಡಚಿದರೂ ಬಿರುಕು ಕಾಣುವುದಿಲ್ಲ. ಕೇಂದ್ರದಿಂದ ಐದಾರು ಪಿಕ್ಸೆಲ್ ಸರಿದಿದ್ದರೂ ಕೈ ನೇರವಾಗಿರುವಾಗ ತಿಳಿಯುವುದಿಲ್ಲ. ಡೊಳ್ಳು ಬಾರಿಸಲು ಕೈ ಎತ್ತಿದ ಕೂಡಲೇ ಮೊಣಕೈಯಲ್ಲಿ ಒಂದು ಮೂಲೆ ಹೊರಚಾಚುತ್ತದೆ. ಹೊರಗೆರೆ ಇರುವ ಶೈಲಿಯಲ್ಲಿ, ಕೀಲಿನ ಅರ್ಧವೃತ್ತದ ಸುತ್ತ ಗೆರೆಯನ್ನು ಬಿಟ್ಟು ಬರೆಯಬೇಕು. ಇಲ್ಲವಾದರೆ ಮೊಣಕೈಯ ನಡುವೆ ಕಪ್ಪು ಕಮಾನೊಂದು ಕಾಣುತ್ತಲೇ ಇರುತ್ತದೆ.

3. ಪದರಗಳಿಗೆ ಹೆಸರಿಡುವಾಗ ಎಡ, ಬಲ ಎಂಬುದು ಪಾತ್ರದ ಎಡಬಲವೆಂದು ಒಮ್ಮೆ ನಿಶ್ಚಯಿಸಿ, ಎಲ್ಲ ಪಾತ್ರಗಳಲ್ಲಿಯೂ ಅದನ್ನೇ ಪಾಲಿಸಬೇಕು. ಹೆಸರುಗಳು ಒಂದೇ ಆಗಿದ್ದರೆ ಒಬ್ಬನ ನಡಿಗೆಯ ಕೀಫ್ರೇಮುಗಳನ್ನು, ಅಂದರೆ ಯಾವ ಕ್ಷಣಕ್ಕೆ ಯಾವ ಭಂಗಿ ಎಂಬ ಗುರುತುಗಳನ್ನು, ಇನ್ನೊಬ್ಬನಿಗೆ ಅಂಟಿಸುವಾಗ ಯಾವುದು ಎಲ್ಲಿಗೆ ಎಂಬ ಗೊಂದಲ ಇರುವುದಿಲ್ಲ.

4. ಕೈಕಾಲುಗಳಿಗೆ ಎರಡು ಬಗೆಯ ಚಾಲನೆಯೂ ಇರಬೇಕು, ನಡುವೆ ಬದಲಿಸುವ ಗುಂಡಿಯೂ ಇರಬೇಕು. ಭುಜದಿಂದ ಆರಂಭಿಸಿ ಒಂದೊಂದೇ ಕೀಲನ್ನು ತಿರುಗಿಸುತ್ತ ಹೋಗುವುದಕ್ಕೆ ಎಫ್‌ಕೆ ಎಂದೂ, ಅಂಗೈಯನ್ನು ಹಿಡಿದೆಳೆದರೆ ಮೊಣಕೈ, ಭುಜ ತಾವಾಗಿ ಹೊಂದಿಕೊಳ್ಳುವುದಕ್ಕೆ ಐಕೆ ಎಂದೂ ಕರೆಯುತ್ತಾರೆ. ಕೋಲೂರಿ ನಿಂತ ಕುರಿಗಾಹಿಯ ಕೈ ಕೋಲಿನ ಮೇಲಿಂದ ಕದಲಬಾರದು, ಅಲ್ಲಿಗೆ ಐಕೆ ಬೇಕು. ಡೊಳ್ಳಿನವನಲ್ಲಿ ಎರಡೂ ಒಟ್ಟಿಗೆ ಬೇಕಾಗುತ್ತವೆ: ಕೋಲು ಹಿಡಿದ ಕೈ ಭುಜದಿಂದ ಬೀಸಿ ಬರುವುದರಿಂದ ಅದಕ್ಕೆ ಎಫ್‌ಕೆ, ಅಂಗೈಯಿಂದ ಇನ್ನೊಂದು ಮೈಯನ್ನು ತಟ್ಟುವ ಕೈ ಡೊಳ್ಳಿನೊಡನೆಯೇ ಸಾಗಬೇಕಾದ್ದರಿಂದ ಅದಕ್ಕೆ ಐಕೆ, ಮತ್ತು ಆ ಕಂಟ್ರೋಲರು ಪೇರೆಂಟಿಂಗ್‌ನಲ್ಲಿ ಡೊಳ್ಳಿನ ಪದರಕ್ಕೆ ಮಗುವಾಗಿರಬೇಕು. ಹೀಗೆ ಕಟ್ಟಿದ ರಿಗ್ಗಿನಲ್ಲಿ ಡೊಳ್ಳನ್ನು ವಾಲಿಸಿದರೆ ಕೈ ತಾನೇ ಹಿಂಬಾಲಿಸುತ್ತದೆ.

5. ತಲೆಯುಡುಗೆ, ಕೈಯಲ್ಲಿನ ವಸ್ತು, ಬಾಯಿ ಇವುಗಳ ಆಯ್ಕೆಯನ್ನು ಸ್ಲೈಡರಿಗೆ ಕಟ್ಟಬೇಕು. ಒಂದು ಪ್ರಿಕಾಂಪಿನಲ್ಲಿ ಮೊದಲ ಫ್ರೇಮಿಗೆ ರುಮಾಲು, ಎರಡನೆಯದಕ್ಕೆ ಟೋಪಿ, ಮೂರನೆಯದಕ್ಕೆ ಬರಿದಲೆ ಇಟ್ಟು, ಹೊರಗಿನಿಂದ ಟೈಮ್ ರೀಮ್ಯಾಪ್ ಎಂಬ ಸೌಲಭ್ಯದ ಮೂಲಕ ಬೇಕಾದ ಫ್ರೇಮಿನಲ್ಲಿ ನಿಲ್ಲಿಸಿದರೆ ಆಯಿತು. ಸ್ಲೈಡರಿನ ಅಂಕೆಯನ್ನು ಪೂರ್ಣಾಂಕಕ್ಕೆ ಇಳಿಸಿ ಒಂದು ಫ್ರೇಮಿನ ಅವಧಿಯಿಂದ ಗುಣಿಸುವ ಸಣ್ಣ ಸೂತ್ರ ಸಾಕು.

6. ಕೊನೆಯದಾಗಿ, ಈ ಸ್ಲೈಡರು, ಬಣ್ಣ, ಗುಂಡಿಗಳನ್ನು ಎಸೆನ್ಶಿಯಲ್ ಗ್ರಾಫಿಕ್ಸ್ ಫಲಕಕ್ಕೆ ಎಳೆದು ಹಾಕಬೇಕು. ಇಡೀ ಕ್ರಮದಲ್ಲಿ ಅತ್ಯಂತ ಹೆಚ್ಚು ಶ್ರಮ ಉಳಿಸುವ ಹೆಜ್ಜೆ ಇದು, ಆದರೂ ಅನೇಕರು ಇದನ್ನು ಬಳಸುವುದೇ ಇಲ್ಲ. 2018ರಲ್ಲಿ ಮಾಸ್ಟರ್ ಪ್ರಾಪರ್ಟೀಸ್ ಎಂಬ ಹೆಸರಿನಲ್ಲಿ ಬಂದು, ಈಗ ಎಸೆನ್ಶಿಯಲ್ ಪ್ರಾಪರ್ಟೀಸ್ ಎನಿಸಿಕೊಂಡಿರುವ ಈ ಸೌಲಭ್ಯದಿಂದ ಒಂದೇ ಕಂಪೋಸಿಶನ್ನನ್ನು ದೃಶ್ಯದಲ್ಲಿ ಮೂರು ಸಲ ಇಟ್ಟು, ಮೂರಕ್ಕೂ ಬೇರೆಬೇರೆ ರುಮಾಲು, ಬಣ್ಣ, ಮೀಸೆಗಳನ್ನು ಹೊರಗಿನಿಂದಲೇ ಕೊಡಬಹುದು. ಮೂಲ ಘಟಕ ಒಂದೇ ಆಗಿ ಉಳಿಯುವುದರಿಂದ ಮುಂದೆ ಮೊಣಕೈಯ ದೋಷವೊಂದನ್ನು ಅಲ್ಲಿ ತಿದ್ದಿದರೆ ಮೂವರದೂ ಸರಿಹೋಗುತ್ತದೆ.

ಎರಡು ಭಾಷೆ, ಒಂದೇ ಬಾಯಿ

ಕನ್ನಡ ಮತ್ತು ಮರಾಠಿಯ ಧ್ವನಿಗಳಿಗೆ ಒಂದೇ ಬಾಯಿಗಳ ಕಟ್ಟು ಸಾಕಾಗುತ್ತದೆ. ತುಟಿ ಮುಚ್ಚುವ ಪ, ಬ, ಮ. ಅಗಲವಾಗಿ ತೆರೆಯುವ ಅ, ಆ. ತುಟಿ ಹಿಗ್ಗುವ ಇ, ಎ. ತುಟಿ ದುಂಡಗಾಗುವ ಉ, ಒ. ಕೆಳತುಟಿ ಹಲ್ಲಿಗೆ ತಾಗುವ ವ, ಫ. ನಾಲಗೆ ಕಾಣುವ ತ, ನ, ಲ. ಹಲ್ಲು ಕೂಡುವ ಸ, ಚ ಹೀಗೆ ಏಳು ಆಕಾರಗಳಿದ್ದರೆ ಮಾತು ನಂಬುವಂತೆ ಕಾಣುತ್ತದೆ. ಆದರೆ ಕನ್ನಡದ ಧ್ವನಿಗೆ ಹಾಕಿದ ಬಾಯಿಯ ಕೀಫ್ರೇಮುಗಳನ್ನು ಮರಾಠಿಯ ಧ್ವನಿಗೆ ಹಾಗೆಯೇ ಅಂಟಿಸಬಾರದು. ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುವುದರಿಂದ ಪದದ ಕೊನೆಯಲ್ಲಿ ಬಾಯಿ ತೆರೆದೋ ದುಂಡಗಾಗಿಯೋ ಇರುತ್ತದೆ; ಮರಾಠಿಯ ಉಚ್ಚಾರದಲ್ಲಿ ಅನೇಕ ಪದಗಳು ವ್ಯಂಜನದಲ್ಲಿ ನಿಲ್ಲುತ್ತವೆ. ರಿಗ್ ಅದೇ ಇರಲಿ, ಬಾಯಿಯ ಪದರವನ್ನು ಮಾತ್ರ ಎರಡನೆಯ ಭಾಷೆಗೆ ಹೊಸದಾಗಿ ಹೊಂದಿಸಬೇಕು. ಪರದೆಯ ಮೇಲೆ ಅಕ್ಷರಗಳು ಬರುವುದಿದ್ದರೆ ಅವನ್ನೂ ಹೊರಗಿನಿಂದ ಬದಲಿಸುವಂತೆ ಇಡಬೇಕು; ಒತ್ತಕ್ಷರಗಳು ಒಡೆದು ಕಂಡರೆ ತಂತ್ರಾಂಶದ ಟೈಪ್ ಆದ್ಯತೆಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆ ಒಪ್ಪುವ ಪಠ್ಯ ಎಂಜಿನ್ನನ್ನು ಆರಿಸಬೇಕು.

ಹಗುರಗೊಳಿಸುವುದು

ರಿಗ್ ನಿಧಾನವಾದಾಗ ಹೆಚ್ಚಿನವರು ಸೂತ್ರಗಳನ್ನು ದೂರುತ್ತಾರೆ. ನಿಜವಾದ ಭಾರ ಬಹಳ ಸಲ ಚಿತ್ರದ ಅಳತೆಯಲ್ಲಿರುತ್ತದೆ. 4000 × 4000 ಪಿಕ್ಸೆಲಿನ ಒಂದು ಪದರದಲ್ಲಿ 1.6 ಕೋಟಿ ಪಿಕ್ಸೆಲುಗಳಿದ್ದು, ಪಾರದರ್ಶಕತೆಯೂ ಸೇರಿ ಒಂದೊಂದಕ್ಕೆ 4 ಬೈಟಿನಂತೆ ಅದು ಸ್ಮೃತಿಯಲ್ಲಿ 64 ಎಂಬಿ ಜಾಗ ಬೇಡುತ್ತದೆ; ಇಪ್ಪತ್ತು ಅಂಗಗಳಿಗೆ 1280 ಎಂಬಿ. ಅದೇ ಮುಂಗೈಯನ್ನು ಅದರ ಅಂಚಿಗೆ ಕತ್ತರಿಸಿ 400 × 900 ಪಿಕ್ಸೆಲಿನಲ್ಲಿ ಇಟ್ಟರೆ ಬೇಕಾಗುವುದು ಸುಮಾರು 1.4 ಎಂಬಿ. ಫೋಟೊಶಾಪಿನ ಕಡತವನ್ನು ತರುವಾಗ ಪದರಗಳ ಅಳತೆಯನ್ನು ಉಳಿಸಿಕೊಳ್ಳುವ ಆಯ್ಕೆಯನ್ನು ಒತ್ತದಿದ್ದರೆ ಪ್ರತಿ ಅಂಗವೂ ಇಡೀ ಹಾಳೆಯ ಅಳತೆಯಲ್ಲಿ ಬಂದು ಕೂರುತ್ತದೆ, ಆಂಕರ್ ಪಾಯಿಂಟುಗಳೂ ಹಾಳೆಯ ನಡುವಿಗೆ ಹೋಗುತ್ತವೆ. 1080 ಪಿಕ್ಸೆಲ್ ಎತ್ತರದ ಚಿತ್ರದಲ್ಲಿ ನಿಂತ ಪಾತ್ರ 900 ಪಿಕ್ಸೆಲಿಗಿಂತ ಎತ್ತರವಾಗುವುದು ಅಪರೂಪ. ಅದರ ಇಮ್ಮಡಿ ಅಳತೆಯಲ್ಲಿ ಬರೆದರೆ ಧಾರಾಳವಾಯಿತು. ಮುಖವನ್ನು ತೀರ ಹತ್ತಿರದಿಂದ ತೋರಿಸುವ ದೃಶ್ಯಕ್ಕೆ ತಲೆಯದೇ ಒಂದು ಬೇರೆ ರಿಗ್ ಮಾಡುವುದು ಮೇಲು.

ಸೂತ್ರಗಳ ಭಾರವನ್ನು ಇಳಿಸಲು ಮೂರು ಉಪಾಯಗಳಿವೆ. ಅಂಗಿಯ ಬಣ್ಣದಂತೆ ಕಾಲಕ್ಕೆ ತಕ್ಕಂತೆ ಬದಲಾಗದ ಅಂಶದ ಸೂತ್ರದ ತಲೆಗೆ ಪೋಸ್ಟರೈಸ್ ಟೈಮ್ ಎಂಬ ಆದೇಶವನ್ನು ಸೊನ್ನೆಯೊಡನೆ ಬರೆದರೆ ತಂತ್ರಾಂಶ ಅದನ್ನು ಪ್ರತಿ ಫ್ರೇಮಿಗೂ ಲೆಕ್ಕ ಹಾಕುವುದಿಲ್ಲ. ಭುಜದ ಚಲನೆಯನ್ನು ಕೆಲವು ಫ್ರೇಮು ತಡವಾಗಿ ಹಿಂಬಾಲಿಸುವ ಕಂಬಳಿಯ ಜೋಲಾಟದಂತಹ ಸೂತ್ರಗಳು ಹಿಂದಿನ ಕ್ಷಣಗಳ ಬೆಲೆಯನ್ನು ಮತ್ತೆ ಮತ್ತೆ ಕೇಳುವುದರಿಂದ, ಚಲನೆ ಅಂತಿಮವಾದ ಮೇಲೆ ಅವನ್ನು ಕೀಫ್ರೇಮುಗಳಾಗಿ ಪರಿವರ್ತಿಸಬೇಕು. ಪಪೆಟ್ ಪಿನ್ನುಗಳನ್ನು, ಅಂದರೆ ಚಿತ್ರವನ್ನು ತ್ರಿಕೋನಗಳ ಬಲೆಯಾಗಿಸಿ ಬಾಗಿಸುವ ಗೂಟಗಳನ್ನು, ಬಟ್ಟೆಗೂ ಬೆನ್ನಿಗೂ ಮಾತ್ರ ಮೀಸಲಿಟ್ಟು, ಬಲೆಯ ಸಾಂದ್ರತೆಯನ್ನು ಕಣ್ಣಿಗೆ ವ್ಯತ್ಯಾಸ ಕಾಣುವವರೆಗೆ ತಗ್ಗಿಸುತ್ತ ಹೋಗಬೇಕು.

ಜನಜಂಗುಳಿ

ಪಲ್ಲಕ್ಕಿಗಳ ಭೇಟಿಯ ದೃಶ್ಯಕ್ಕೆ ಜೀವಂತ ರಿಗ್ಗುಗಳನ್ನು ಗುಂಪಾಗಿ ನಿಲ್ಲಿಸುವುದು ವ್ಯರ್ಥ ಸಾಹಸ. ಎಸೆನ್ಶಿಯಲ್ ಪ್ರಾಪರ್ಟೀಸ್ ಬದಲಿಸಿದ ಪ್ರತಿಯೊಂದು ಪಾತ್ರವನ್ನೂ ತಂತ್ರಾಂಶ ಪ್ರತ್ಯೇಕವಾಗಿ ರೆಂಡರ್ ಮಾಡಬೇಕಾಗುತ್ತದೆ. ಮುಂದಿನ ಸಾಲಿನ ನಾಲ್ಕೈದು ಪಾತ್ರಗಳನ್ನು ರಿಗ್ ಆಗಿಯೇ ಉಳಿಸಿ, ಹಿಂದಿನವರನ್ನೆಲ್ಲ ಪಾರದರ್ಶಕ ಹಿನ್ನೆಲೆಯ ವಿಡಿಯೊಗಳಾಗಿ ಒಮ್ಮೆ ರೆಂಡರ್ ಮಾಡಿಟ್ಟುಕೊಳ್ಳಬೇಕು. ಮೂರು ಮೈಕಟ್ಟು, ನಾಲ್ಕು ಉಡುಗೆ ಎಂದರೆ ಹನ್ನೆರಡು ಆವರ್ತನಗಳು, ಅಂದರೆ ಮರಳಿ ಮರಳಿ ಓಡುವ ಚಲನೆಯ ತುಣುಕುಗಳು; ಒಂದೊಂದನ್ನೂ ಆರು ಬೇರೆ ಕ್ಷಣಗಳಿಂದ ಆರಂಭಿಸಿದರೆ ಎಪ್ಪತ್ತೆರಡು ಮಂದಿ ಬೇರೆಯವರಂತೆಯೇ ಕಾಣುತ್ತಾರೆ. ಇಪ್ಪತ್ನಾಲ್ಕು ಫ್ರೇಮಿನ ಆವರ್ತನವನ್ನು 0ರಿಂದ 23ರವರೆಗೆ ಮಾತ್ರ ರೆಂಡರ್ ಮಾಡಬೇಕು. ಮೊದಲ ಭಂಗಿಯೇ ಮರಳುವ 24ನೆಯ ಫ್ರೇಮನ್ನೂ ಸೇರಿಸಿದರೆ ಪ್ರತಿ ಸುತ್ತಿನಲ್ಲಿ ಒಂದು ತೊದಲು ಉಳಿಯುತ್ತದೆ.

ಡೊಳ್ಳಿನ ಮೇಳಕ್ಕೆ ಈ ಕ್ಷಣಭೇದದ ಉಪಾಯ ಸಲ್ಲದು. ಅಲ್ಲಿ ಎಲ್ಲರ ಕೋಲೂ ಒಂದೇ ಪೆಟ್ಟಿಗೆ ಬೀಳಬೇಕು, ಹೆಚ್ಚೆಂದರೆ ಒಂದು ಫ್ರೇಮಿನ ಹೆಚ್ಚುಕಡಿಮೆ ಸಹಜವೆನಿಸುತ್ತದೆ. ಆದ್ದರಿಂದ ಆವರ್ತನದ ಉದ್ದವನ್ನು ಧ್ವನಿಯ ಗತಿಯಿಂದಲೇ ಲೆಕ್ಕ ಹಾಕಬೇಕು. ನಿಮಿಷಕ್ಕೆ 100 ಪೆಟ್ಟಿನ ಗತಿಯಿದ್ದರೆ, ಸೆಕೆಂಡಿಗೆ 24 ಫ್ರೇಮಿನಲ್ಲಿ ಒಂದು ಪೆಟ್ಟಿಗೆ 14.4 ಫ್ರೇಮು ಬಂದು ಲೆಕ್ಕ ತಪ್ಪುತ್ತ ಹೋಗುತ್ತದೆ; 25 ಫ್ರೇಮಿನಲ್ಲಿ ಸರಿಯಾಗಿ 15 ಬರುತ್ತದೆ. 120 ಪೆಟ್ಟಿನ ಗತಿಗೆ 24 ಫ್ರೇಮಿನ ವೇಗವೇ ಒಪ್ಪುತ್ತದೆ, ಪೆಟ್ಟಿಗೆ 12.

ಹಾರುವ ಭಂಡಾರಕ್ಕೂ ಕಣಗಳ ಎಫೆಕ್ಟನ್ನು ಪ್ರತಿ ದೃಶ್ಯದಲ್ಲಿ ಹೊಸದಾಗಿ ಓಡಿಸಬಾರದು. ಒಂದೆರಡು ಎರಚುಗಳನ್ನು ರೆಂಡರ್ ಮಾಡಿಟ್ಟುಕೊಂಡರೆ ಎಲ್ಲ ಕಂತುಗಳಿಗೂ ಆಗುತ್ತವೆ. ಅವನ್ನು ಮರಳಿ ತಂದಾಗ ಹಳದಿ ಧೂಳಿನ ಅಂಚಿನಲ್ಲಿ ಕಂದು ಕೊಳೆ ಕಂಡರೆ, ಪಾರದರ್ಶಕತೆಯನ್ನು ತಂತ್ರಾಂಶ ತಪ್ಪಾಗಿ ಓದಿದೆ ಎಂದರ್ಥ. ಇಂಟರ್‌ಪ್ರೆಟ್ ಫೂಟೇಜ್‌ನಲ್ಲಿ ಅದನ್ನು ಕಪ್ಪಿನೊಡನೆ ಬೆರೆತ ಪ್ರೀಮಲ್ಟಿಪ್ಲೈಡ್ ಬಗೆಯೆಂದು ಸೂಚಿಸಿದರೆ ಅಂಚು ತಿಳಿಯಾಗುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಗುಂಪನ್ನು ತುಂಬಿಸಲು ಪಾತ್ರಗಳನ್ನು ಕನ್ನಡಿಯಲ್ಲಿ ಕಂಡಂತೆ ಅಡ್ಡಲಾಗಿ ತಿರುಗಿಸುವುದು ಎಲ್ಲರೂ ಮಾಡುವ ಕೆಲಸ. ತಿರುಗಿಸಿದ ಡೊಳ್ಳಿನವನ ಕೋಲು ಎಡಗೈಗೆ ಹೋಗುತ್ತದೆ, ಕಂಬಳಿ ಹೆಗಲು ಬದಲಿಸುತ್ತದೆ, ಅಂಗಿಯ ಗುಂಡಿಪಟ್ಟಿ ಉಲ್ಟಾ ಆಗುತ್ತದೆ. ಜಾತ್ರೆಯನ್ನು ವರ್ಷವರ್ಷವೂ ಕಂಡವರ ಕಣ್ಣಿಗೆ ಇವು ಮೊದಲು ಬೀಳುತ್ತವೆ. ಕಂಬಳಿಯನ್ನೂ ಕೈಯಲ್ಲಿನ ವಸ್ತುವನ್ನೂ ಬೇರೆ ಹೆಗಲಿಗೆ, ಬೇರೆ ಕೈಗೆ ದಾಟಿಸುವ ಗುಂಡಿಯೊಂದನ್ನು ರಿಗ್ಗಿನಲ್ಲಿಯೇ ಇಟ್ಟರೆ ತಿರುಗಿಸಿದ ಮೇಲೂ ಸರಿಪಡಿಸಬಹುದು.

ಇನ್ನೊಂದು, ತಾಂತ್ರಿಕವಲ್ಲದಿದ್ದರೂ ಹೆಚ್ಚು ಗಂಭೀರವಾದದ್ದು. ಮರುಬಳಕೆಯ ಉತ್ಸಾಹದಲ್ಲಿ ಗುಂಪಿನ ರಿಗ್ಗಿಗೇ ಬಿಳಿ ಗಡ್ಡ ಅಂಟಿಸಿ ಗುರು ಬೀರಲಿಂಗೇಶ್ವರನನ್ನೂ, ಗಡ್ಡ ತೆಗೆದು ಶಿಷ್ಯ ಮಹಾಲಿಂಗರಾಯನನ್ನೂ ಮಾಡುವುದು ಸರಿಯಲ್ಲ. ಗುರುಶಿಷ್ಯರ ಮುಖಗಳು ಒಂದೇ ಅಚ್ಚಿನವಾದರೆ ಭೇಟಿಯ ದೃಶ್ಯಕ್ಕೆ ಅರ್ಥವೇ ಉಳಿಯುವುದಿಲ್ಲ. ಅಮಾವಾಸ್ಯೆಯ ರಾತ್ರಿ ದೇವಾಲಯದ ಶಿಖರಕ್ಕೆ ಶಿವಪಾರ್ವತಿಯರು ಮುಂಡಾಸು ಸುತ್ತುತ್ತಾರೆಂದು ಭಕ್ತರು ನಂಬುವ ಊರಿನಲ್ಲಿ, ಮುಂಡಾಸೂ ಸ್ಲೈಡರಿನ ಇನ್ನೊಂದು ಆಯ್ಕೆಯಾಗಿ ಉಳಿಯಬಾರದು. ಅದಕ್ಕೆ ಪ್ರತ್ಯೇಕವಾಗಿ, ನೋಡಿಕೊಂಡು ಬರೆದ ಚಿತ್ರವೇ ಬೇಕು.

ಪಾತ್ರವನ್ನು ಉದ್ದಕ್ಕೆ ಎಳೆದು ಎತ್ತರದವನನ್ನಾಗಿ, ಕುಗ್ಗಿಸಿ ಹುಡುಗನನ್ನಾಗಿ ಮಾಡಿದರೆ ಹೊರಗೆರೆಯ ದಪ್ಪ ಒಬ್ಬೊಬ್ಬರಲ್ಲಿ ಒಂದೊಂದು ತೆರನಾಗುತ್ತದೆ. ಹುಡುಗರ ತಲೆ ದೇಹಕ್ಕೆ ಹೋಲಿಸಿದರೆ ದೊಡ್ಡದಿರುವುದರಿಂದ ಅವರಿಗೆ ಬೇರೆ ರಿಗ್ಗೇ ಬೇಕು.

ಒಳಗಿನ ಪ್ರಿಕಾಂಪುಗಳ ಸಮೇತ ಪೂರ್ತಿ ಬೇರೆಯಾದ ಪ್ರತಿ ನಿಜವಾಗಿಯೂ ಬೇಕಾದಾಗ ಟ್ರೂ ಕಾಂಪ್ ಡ್ಯೂಪ್ಲಿಕೇಟರ್ ಎಂಬ ಸ್ಕ್ರಿಪ್ಟನ್ನು ಬಳಸಬಹುದು. ಆದರೆ ಹಾಗೆ ಮಾಡಿದ ಪ್ರತಿಗೆ ಮೂಲದ ತಿದ್ದುಪಡಿಗಳು ಇನ್ನು ತಲುಪುವುದಿಲ್ಲವೆಂಬುದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಎತ್ತಿಡುವುದು, ಹಂಚುವುದು

ಕೆಲಸ ಮುಗಿದ ಮೇಲೆ ರಿಗ್ಗನ್ನು ಮಾತ್ರ ಉಳಿಸಿಕೊಂಡ ಒಂದು ಶುದ್ಧ ಪ್ರಾಜೆಕ್ಟನ್ನು ಬೇರೆಯಾಗಿ ಇಡಬೇಕು. ಫೈಲ್ ಪಟ್ಟಿಯ ಡಿಪೆಂಡೆನ್ಸೀಸ್ ಅಡಿಯಲ್ಲಿರುವ ರೆಡ್ಯೂಸ್ ಪ್ರಾಜೆಕ್ಟ್ ಆದೇಶ, ಆರಿಸಿದ ಪಾತ್ರಕ್ಕೆ ಬೇಡದ ಕಡತಗಳನ್ನೆಲ್ಲ ತೆಗೆದುಹಾಕುತ್ತದೆ. ಅನಂತರ ಕಲೆಕ್ಟ್ ಫೈಲ್ಸ್ ಆದೇಶ ಉಳಿದ ಚಿತ್ರಗಳನ್ನು ಒಂದೇ ಫೋಲ್ಡರಿಗೆ ತಂದು ಸೇರಿಸುತ್ತದೆ. ಮೊದಲ ಆದೇಶವನ್ನು ಮೂಲ ಪ್ರಾಜೆಕ್ಟಿನ ನಕಲಿನ ಮೇಲೆಯೇ ಓಡಿಸಬೇಕು. ಹೊಸ ಆವೃತ್ತಿಯಲ್ಲಿ ಉಳಿಸಿದ ಪ್ರಾಜೆಕ್ಟು ಹಳೆಯ ಆವೃತ್ತಿಯಲ್ಲಿ ತೆರೆಯುವುದಿಲ್ಲವಾದ್ದರಿಂದ, ಮಂಗಳವೇಢೆಯಲ್ಲೋ ಅಕ್ಕಲಕೋಟೆಯಲ್ಲೋ ಇರುವ ಜೊತೆಗಾರರ ಬಳಿ ಯಾವ ಆವೃತ್ತಿ ಇದೆಯೆಂದು ಮೊದಲೇ ಕೇಳಿ, ಅದಕ್ಕೆ ಹೊಂದುವ ಹಳೆಯ ಆವೃತ್ತಿಯಲ್ಲಿ ಇನ್ನೊಂದು ಪ್ರತಿ ಉಳಿಸಬೇಕು. ಫೋಲ್ಡರಿನೊಳಗೆ ಬಳಸಿದ ಫಾಂಟುಗಳ ಹೆಸರು, ಪ್ಲಗ್-ಇನ್ನುಗಳ ಹೆಸರು, ಫ್ರೇಮಿನ ವೇಗ, ಯಾವ ಸ್ಲೈಡರಿನ ಯಾವ ಅಂಕೆಗೆ ಯಾವ ಉಡುಗೆ ಎಂಬುದನ್ನು ಬರೆದ ಒಂದು ಪುಟದ ಟಿಪ್ಪಣಿ ಇರಲಿ. ಅದನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆದಿಟ್ಟರೆ ಮುಂದಿನ ದೀಪಾವಳಿಯ ಚಿತ್ರವನ್ನು ಯಾರು ಕೈಗೆತ್ತಿಕೊಂಡರೂ ರಿಗ್ಗನ್ನು ತೆರೆದ ದಿನವೇ ಕೆಲಸ ಆರಂಭಿಸಬಹುದು.